ಪೈಥಾನ್ ಭಾಷೆಯ ಆವೃತ್ತಿ ಬದಲಾವಣೆ, ಹಳೆಯ ಪ್ಯಾಕೇಜುಗಳು ಮತ್ತು ಒಂದು ಗಡಿನಾಡ ಪದಸಂಗ್ರಹ

ಉಪಭಾಷೆಗಳ ಸಂಕಿರಣದಲ್ಲಿ ಕಂಪ್ಯೂಟರಿನ ಭಾಷೆಯೊಂದರ ವಿಚಾರ ಎತ್ತಿದರೆ ವಿಷಯಾಂತರವಾಯಿತೆಂದು ಕೆಲವರಿಗೆ ಅನ್ನಿಸಬಹುದು. ಸಂಸ್ಕೃತದ ಮಾಷ್ಟ್ರಿಗೆ ಇದೆಲ್ಲಾ ಯಾಕೆ ಅಂತ ಕೇಳುವವರೂ ಇದ್ದಾರೆ. ಆದರೆ ಕಾಸರಗೋಡಿನಿಂದ ಜತ್ತದವರೆಗೆ, ನೀಲಗಿರಿಯಿಂದ ಆದವಾನಿಯವರೆಗೆ ನಾವು ಕೂಡಿಹಾಕಿದ ಮಾತುಗಳು ಈಗ ಇರುವುದು ಎಲ್ಲಿ? ಚೀಟಿಗಳಲ್ಲಿ ಇದ್ದದ್ದು ಕಂಪ್ಯೂಟರಿಗೆ ಏರಿದೆ. ಏರಿಸಿದ ಮೇಲೆ ಚೀಟಿಗಳನ್ನು ಗೆದ್ದಲು ತಿಂದಿದೆ. ಆ ಕಂಪ್ಯೂಟರಿನೊಳಗಿನ ಪ್ರೋಗ್ರಾಮು ಓಡದೆ ನಿಂತರೆ, ಅಥವಾ ತಪ್ಪಾಗಿ ಓಡಿದರೆ, ನಾವು ಸಂಕಿರಣದಲ್ಲಿ ಏನನ್ನು ಇಟ್ಟುಕೊಂಡು ಮಾತಾಡುವುದು? ಹಾಗಾಗಿ ಈ ಪ್ರಬಂಧದಲ್ಲಿ ಪೈಥಾನ್ ಎಂಬ ಭಾಷೆ ತನ್ನ 2ನೆಯ ಆವೃತ್ತಿಯಿಂದ 3ನೆಯದಕ್ಕೆ ದಾಟಿದ ಕ್ರಮವನ್ನು, ಆ ದಾಟುವಿಕೆಯಲ್ಲಿ ಹಿಂದುಳಿದ ಪ್ಯಾಕೇಜುಗಳ ಪಾಡನ್ನು, ವ್ಯಾಕರಣದ ಕಣ್ಣಿನಿಂದ ವಿಮರ್ಶಿಸಲು ಹೊರಟಿದ್ದೇನೆ.

ನನ್ನ ಮುಂದಿರುವ ಉದಾಹರಣೆ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಹವ್ಯಕರ ಮನೆಮಾತಿನ ಒಂದು ಪದಸಂಗ್ರಹ. ಅಡುಗೆಮನೆ, ಅಡಕೆ ತೋಟ, ಹಟ್ಟಿ, ಪೂಜೆ ಪುನಸ್ಕಾರ, ಜಗಳ, ಜೋಗುಳ, ಹೀಗೆ ಎಲ್ಲ ಸಂದರ್ಭಗಳ ಮಾತನ್ನು ಹಿರಿಯರ ಬಾಯಿಂದ ಕೇಳಿ ಬರೆದುಕೊಂಡದ್ದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ 2011ರಲ್ಲಿ ಇದಕ್ಕಾಗಿ ಪೈಥಾನ್ 2.7ರಲ್ಲಿ ಒಂದು ಪ್ರೋಗ್ರಾಮು ಬರೆದುಕೊಟ್ಟ. ಪದಗಳನ್ನು ಅಕಾರಾದಿಗೆ ತರುವುದು, ಚೀಟಿಗಳ ಸ್ಕ್ಯಾನ್ ಚಿತ್ರಗಳನ್ನು ಕತ್ತರಿಸಿ ಅದರದರ ಪದದ ಪಕ್ಕ ಕೂರಿಸುವುದು, ವೆಬ್ ಪುಟದ ರೂಪದಲ್ಲಿ ಉಳಿಸಿದ್ದ ಹಿಂದಿನ ಪಟ್ಟಿಗಳನ್ನು ಓದಿ ಸೇರಿಸುವುದು, ಇವು ಅದರ ಕೆಲಸ. ಎಲ್ಲವನ್ನೂ ಅವನೇ ಬರೆಯಲಿಲ್ಲ, ಬರೆಯಬೇಕಾದ್ದೂ ಇಲ್ಲ. ಚಿತ್ರದ ಕೆಲಸಕ್ಕೆ ಪಿಲ್ ಎಂಬ ಪ್ಯಾಕೇಜು, ವೆಬ್ ಪುಟ ಓದಲು ಬ್ಯೂಟಿಫುಲ್ ಸೂಪ್ ಎಂಬ ಪ್ಯಾಕೇಜು. ಪ್ಯಾಕೇಜು ಅಂದರೆ ಬೇರೆಯವರು ಮಾಡಿಟ್ಟ ಸಿದ್ಧ ಪ್ರೋಗ್ರಾಮು. ನಾವು ಅದನ್ನು ಹೆಸರು ಹಿಡಿದು ಕರೆಸಿ ದುಡಿಸಿಕೊಳ್ಳುವುದು. ವೈಯಾಕರಣನಿಗೆ ಧಾತುಪಾಠ, ಗಣಪಾಠ ಇದ್ದ ಹಾಗೆ. ಆ ಹುಡುಗ ಪರದೇಶಕ್ಕೆ ಹೋದ, ಹಳೆಯ ಯಂತ್ರ ಕೆಟ್ಟಿತು. ಹೊಸ ಯಂತ್ರದಲ್ಲಿ ಮೊಮ್ಮಗಳು ಅದನ್ನು ನಡೆಸಹೊರಟರೆ ಮೊದಲ ಹೆಜ್ಜೆಗೇ ಮುಗ್ಗರಿಸಿತು. “ಅಜ್ಜ, ಇದು ಆವ್ತಿಲ್ಲೆ” ಎಂದಳು. “ಎಂತಾತು ಕೂಸೇ?” ಎಂದು ಕೇಳಿದಲ್ಲಿಂದ ನನ್ನ ಈ ಅಧ್ಯಯನ ಶುರು.

ಮೊದಲು ಇತಿಹಾಸ, ಚುಟುಕಾಗಿ. ಪೈಥಾನನ್ನು ಗೀಡೋ ವಾನ್ ರಾಸಮ್ 1991ರಲ್ಲಿ ಲೋಕಕ್ಕೆ ಬಿಟ್ಟರು. 2.0 ಬಂದದ್ದು 2000ದ ಅಕ್ಟೋಬರಿನಲ್ಲಿ. 2008ರ ಡಿಸೆಂಬರ್ 3ರಂದು 3.0 ಬಂತು. ಹಳೆಯದರೊಡನೆ ಹೊಂದಿಕೆಯನ್ನು ಬೇಕೆಂದೇ ಮುರಿದು ಮಾಡಿದ ಆವೃತ್ತಿ ಇದು. 2ರ ಸಾಲಿನ ಕೊನೆಯ ಕವಲು 2.7, 2010ರ ಜುಲೈಯಲ್ಲಿ. ಅದಕ್ಕೆ 2015ರವರೆಗೆ ಆಯುಸ್ಸು ಅಂತ ಮೊದಲು ಹೇಳಿದ್ದರು. ಜನ ದಾಟಲಿಲ್ಲ. 2014ರಲ್ಲಿ ಅದನ್ನು 2020ಕ್ಕೆ ಏರಿಸಿದರು. 2020ರ ಜನವರಿ 1ಕ್ಕೆ ಆರೈಕೆ ನಿಂತಿತು; ಆ ಏಪ್ರಿಲಿನಲ್ಲಿ 2.7.18 ಎಂಬ ಕಡೆಯ ಬಿಡುಗಡೆ ಆಗಿ ಕದ ಮುಚ್ಚಿತು. ಅಂದ್ರೆ ಹನ್ನೊಂದು ವರ್ಷಕ್ಕಿಂತ ಹೆಚ್ಚು ಕಾಲ ಎರಡು ಭಾಷೆಗಳು ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿಕೊಂಡಿದ್ದವು.

ಈ ಬದಲಾವಣೆಯ ಮೂಲ ಸಿದ್ಧಾಂತವನ್ನು ನಾನು ಒಪ್ಪುತ್ತೇನೆ, ಮನಸಾರೆ ಒಪ್ಪುತ್ತೇನೆ. ಪೈಥಾನ್ 2ರಲ್ಲಿ ಪಠ್ಯಕ್ಕೂ ಬೈಟುಗಳಿಗೂ ಗಡಿ ಇರಲಿಲ್ಲ. ‘ಕನ್ನಡ’ ಎಂಬ ಪದದ ಉದ್ದ ಎಷ್ಟು ಅಂತ ಪೈಥಾನ್ 2ರ ಸಾಮಾನ್ಯ ತಂತುವನ್ನು ಕೇಳಿದರೆ, ಯುಟಿಎಫ್-8 ಕ್ರಮದಲ್ಲಿ ಬರೆದಿದ್ದರೆ, 15 ಎನ್ನುತ್ತದೆ. ಪೈಥಾನ್ 3ನ್ನು ಕೇಳಿದರೆ 5 ಎನ್ನುತ್ತದೆ: ಕ, ನ, ಹಲಂತ ಚಿಹ್ನೆ, ನ, ಡ. ನಮ್ಮ ಬಾಲವಾಡಿಯ ಮಗುವನ್ನು ಕೇಳಿದರೆ 3. ಮಗು ಹೇಳಿದ್ದೇ ಸರಿ. ಛಂದಸ್ಸಿನವರಿಗೂ ಮೂರೇ ಅಕ್ಷರ. ಆದರೆ 15ರಿಂದ 5ಕ್ಕೆ ಬಂದದ್ದು ಸಣ್ಣ ಸಂಗತಿ ಅಲ್ಲ. 15 ಎನ್ನುವುದು ಯಂತ್ರದ ಲೆಕ್ಕ, 5 ಎನ್ನುವುದು ಲಿಪಿಯ ಲೆಕ್ಕ. ಮಹಾಭಾಷ್ಯದಲ್ಲಿ ಪತಂಜಲಿ ಸ್ಫೋಟ ಬೇರೆ, ಧ್ವನಿ ಬೇರೆ ಎಂದು ವಿಂಗಡಿಸಿದ್ದರಲ್ಲ, ಅದಕ್ಕೆ ಹತ್ತಿರದ ವಿವೇಕ ಇದು. ಶಬ್ದವೊಂದು, ಅದನ್ನು ಹೊತ್ತು ತರುವ ವಾಹನ ಇನ್ನೊಂದು. ಎರಡನ್ನೂ ಬೆರೆಸಿಟ್ಟ ಪೈಥಾನ್ 2ರಲ್ಲಿ ಇಂಗ್ಲಿಷ್ ಬರೆಯುವವನಿಗೆ ಏನೂ ತೊಂದರೆ ಇರಲಿಲ್ಲ. ಕನ್ನಡದ ಒಂದಕ್ಷರ ಒಳಗೆ ಬಂದೊಡನೆ ‘ಆಸ್ಕಿ ಕ್ರಮದಲ್ಲಿ ಈ ಬೈಟನ್ನು ಬಿಡಿಸಲಾರೆ’ ಎಂದು ಹಟ ಹಿಡಿದು ಕೂರುತ್ತಿತ್ತು. ಕನ್ನಡದ ಎಲ್ಲ ಅಕ್ಷರಗಳೂ ಯುಟಿಎಫ್-8ರಲ್ಲಿ ಒಂದೇ ಬೈಟಿನಿಂದ ಶುರುವಾಗುವುದರಿಂದ ನಮಗೆ ಯಾವಾಗಲೂ ಒಂದೇ ಬೈಗಳು. ಈ ಅನ್ಯಾಯವನ್ನು ಸರಿಪಡಿಸಿದ್ದಕ್ಕಾಗಿ 3ನೆಯ ಆವೃತ್ತಿಯ ಕರ್ತೃಗಳಿಗೆ ಕನ್ನಡಿಗರು ಋಣಿಗಳೇ.

ನನ್ನ ತಕರಾರು ಇರುವುದು ಸಿದ್ಧಾಂತದಲ್ಲಲ್ಲ, ಪ್ರಕ್ರಿಯೆಯಲ್ಲಿ.

ಭಾಷೆ ಬದಲಾಯಿಸಿದವರು ಪ್ಯಾಕೇಜುಗಳನ್ನು ಬರೆದವರಲ್ಲ. ಒಂದು ಪ್ಯಾಕೇಜು ಇನ್ನೊಂದನ್ನು ಆಶ್ರಯಿಸಿದೆ, ಅದು ಮತ್ತೊಂದನ್ನು. ಕೆಳಗಿನದು ದಾಟದೆ ಮೇಲಿನದು ದಾಟುವ ಹಾಗಿಲ್ಲ. ಕೆಲವನ್ನು ಬರೆದವರು ಕೆಲಸ ಬಿಟ್ಟಿದ್ದಾರೆ, ಕೆಲವರು ತೀರಿಕೊಂಡಿದ್ದಾರೆ, ಕೆಲವರಿಗೆ ಪುರುಸೊತ್ತಿಲ್ಲ. ಪ್ಯಾಕೇಜಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಅದು ಇದ್ದಲ್ಲೇ ಇದೆ. ಆದರೂ ಅದು ‘ಹಳತಾಯಿತು’. ಇದನ್ನು ಅರ್ಥ ಮಾಡಿಕೊಳ್ಳಲು ಕಾಸರಗೋಡಿನವರಿಗೆ ಪಾಠ ಬೇಡ. 1956ರ ನವೆಂಬರ್ 1ರಂದು ನಮ್ಮ ಊರು ಕದಲಲಿಲ್ಲ, ಗಡಿ ಕದಲಿತು. ಮನೆ ಅದೇ, ಮಾತು ಅದೇ, ಕಚೇರಿಯ ಅರ್ಜಿಯ ಭಾಷೆ ಮಾತ್ರ ಬೇರೆ. ಇರ್ಲಿ, ಆ ವಿಷಯಕ್ಕೆ ಬೇರೆಯವರ ಪ್ರಬಂಧಗಳಿವೆ.

3.0 ತಂದವರು ಆರಂಭದಲ್ಲಿ ಎಣಿಸಿದ್ದು ಹೀಗೆ: 2ರ ಪ್ರೋಗ್ರಾಮನ್ನು ‘ಟು-ಟು-ತ್ರೀ’ ಎಂಬ ಅನುವಾದ ಯಂತ್ರಕ್ಕೆ ಕೊಡಿ, 3ರ ಪ್ರೋಗ್ರಾಮು ಹೊರಬರುತ್ತದೆ, ಆಮೇಲೆ ಹಿಂದಿರುಗಿ ನೋಡಬೇಡಿ. ಆದರೆ ಪ್ಯಾಕೇಜು ನಡೆಸುವವನ ಬಳಿಗೆ ಬರುವ ಗಿರಾಕಿಗಳಲ್ಲಿ ಅರ್ಧ ಮಂದಿ 2ರವರು, ಅರ್ಧ ಮಂದಿ 3ರವರು. ಅವನಿಗೆ ಬೇಕಾದ್ದು ಎರಡಕ್ಕೂ ಸಲ್ಲುವ ಒಂದೇ ಪಾಠ. ಅನುವಾದ ಒಮ್ಮೆ ಆಗಿ ಮುಗಿಯುವ ಕೆಲಸ ಅಂತ ಮೇಲೆ ಕೂತವರು ತಿಳಿದಿದ್ದರು. ಬದುಕುವವರಿಗೆ ಅದು ದ್ವಿಭಾಷಿಕತೆಯ ದಿನನಿತ್ಯ. ಈ ಕೊರತೆಯನ್ನು ತುಂಬಿದ್ದು ‘ಸಿಕ್ಸ್’ ಎಂಬ ಸಣ್ಣ ಪ್ಯಾಕೇಜು. ಎರಡನ್ನೂ ಮೂರನ್ನೂ ಗುಣಿಸಿದರೆ ಆರು, ಅದಕ್ಕೆ ಆ ಹೆಸರು. ಎರಡು ಕಡೆಯ ಮಾತನ್ನೂ ಬಲ್ಲ ಗಡಿಯ ಅಂಗಡಿಯವನ ಹಾಗೆ ಅದು ಕೆಲಸ ಮಾಡಿತು.

ಇನ್ನೊಂದು ಸಂಗತಿ ನನಗೆ ಬಹಳ ಸ್ವಾರಸ್ಯದ್ದಾಗಿ ಕಂಡಿತು. ಪೈಥಾನ್ 2ರಲ್ಲಿ ಯೂನಿಕೋಡ್ ಪಠ್ಯದ ಮುಂದೆ ‘ಯು’ ಎಂಬ ಒಂದಕ್ಷರ ಹಾಕಬೇಕಿತ್ತು. 3.0ದಲ್ಲಿ ಪಠ್ಯವೆಲ್ಲ ಯೂನಿಕೋಡೇ ಆದ್ದರಿಂದ ಆ ಅಕ್ಷರ ವ್ಯರ್ಥ ಎಂದು ತೆಗೆದುಹಾಕಿದರು. ಪರಿಣಾಮ? ಯಾರು ಶ್ರದ್ಧೆಯಿಂದ ಮೊದಲೇ ಯೂನಿಕೋಡ್ ಬಳಸಿದ್ದರೋ ಅವರ ಪ್ರೋಗ್ರಾಮುಗಳೇ ಸಾಲುಸಾಲಾಗಿ ಮುರಿದವು. ಇಂಗ್ಲಿಷೇತರ ಭಾಷೆಗಳವರಿಗೇ ಹೆಚ್ಚು ಪೆಟ್ಟು. 2012ರಲ್ಲಿ 3.3ರ ಹೊತ್ತಿಗೆ ಆ ‘ಯು’ವನ್ನು ಮರಳಿ ಕರೆಸಿಕೊಂಡರು. ಈಗ ಅದಕ್ಕೆ ಅರ್ಥವಿಲ್ಲ, ಇದ್ದರೆ ಬಾಧೆಯಿಲ್ಲ. ನಮ್ಮ ಶ್ಲೋಕಗಳಲ್ಲಿ ಪಾದಪೂರಣಕ್ಕೆ ಬರುವ ‘ತು’, ‘ಹಿ’, ‘ಚ’ ಇದ್ದ ಹಾಗೆ. ಅರ್ಥವಿಲ್ಲದ್ದೆಲ್ಲ ನಿರರ್ಥಕ ಅಲ್ಲ ಎಂಬುದನ್ನು ತಿಳಿಯಲು ಅವರಿಗೆ ನಾಲ್ಕು ವರ್ಷ ಬೇಕಾಯಿತು.

ಇಲ್ಲಿ ಪಾಣಿನಿಯನ್ನು ನೆನೆಯಬೇಕು. ಅವನ ಕಾಲಕ್ಕೆ ವೇದದ ಭಾಷೆ ಒಂದು, ಆಡುವ ಭಾಷೆ ಒಂದು. ಹಳೆಯ ರೂಪಗಳನ್ನು ಅವನು ಅಶುದ್ಧ ಎನ್ನಲಿಲ್ಲ, ಸತ್ತವು ಎನ್ನಲಿಲ್ಲ. ‘ಛಂದಸಿ’ ಎಂದು ಒಂದು ಗುರುತು ಹಾಕಿದ: ಈ ವಿಧಿ ವೇದದಲ್ಲಿ ಸಲ್ಲುತ್ತದೆ. ಪೂರ್ವದವರು ಹೀಗೆ, ಉತ್ತರದವರು ಹಾಗೆ ಎಂದು ದೇಶಭೇದವನ್ನೂ ಗುರುತಿಸಿದ. ಒಂದೇ ಗ್ರಂಥದಲ್ಲಿ ಎರಡು ಆವೃತ್ತಿಗಳು, ಹಲವು ಪ್ರಾದೇಶಿಕ ಭೇದಗಳು, ಗೊಂದಲವಿಲ್ಲದೆ. ಪ್ಯಾಕೇಜುಗಳ ಲೋಕದಲ್ಲಿ ಇಂಥ ಗುರುತು ಬಂದದ್ದು ತಡವಾಗಿ. ಪ್ಯಾಕೇಜುಗಳನ್ನು ತಂದು ಕೂರಿಸುವ ‘ಪಿಪ್’ ಎಂಬ ಸಾಧನದ 9ನೆಯ ಆವೃತ್ತಿಯಲ್ಲಿ, 2016ರಲ್ಲಿ, ಒಂದು ವ್ಯವಸ್ಥೆ ಬಂತು. ಪ್ಯಾಕೇಜು ತನ್ನ ಹಣೆಯ ಮೇಲೆ ‘ನಾನು ಇಂಥ ಆವೃತ್ತಿಯಿಂದ ಮೇಲಕ್ಕೆ ಮಾತ್ರ’ ಎಂದು ಬರೆದುಕೊಂಡರೆ, ಪಿಪ್ ಅದನ್ನು ನೋಡಿ ಹಳೆಯ ಯಂತ್ರಕ್ಕೆ ಹಳೆಯದನ್ನೇ ಹುಡುಕಿ ಕೊಡುತ್ತದೆ. ಅದಕ್ಕೆ ಮೊದಲು ಹೊಸದು ಹೊರಬಂತೆಂದರೆ ಹಳೆಯ ಯಂತ್ರಕ್ಕೂ ಅದನ್ನೇ ತಂದು ತುರುಕಿ ಮುರಿಯುತ್ತಿತ್ತು. 2008ರಲ್ಲಿ ಭಾಷೆ ಒಡೆಯಿತು, 2016ರಲ್ಲಿ ‘ಛಂದಸಿ’ ಬಂತು. ಗುರುತು ಮೊದಲು, ಒಡಕು ಆಮೇಲೆ ಆಗಬೇಕಿತ್ತು. ಈ ಇಡೀ ದಾಟುವಿಕೆಯ ದೊಡ್ಡ ದೋಷ ಇದೇ ಎಂಬುದು ನನ್ನ ಅಭಿಪ್ರಾಯ.

ಹಳೆಯ ಪ್ಯಾಕೇಜಿನ ಜಾಗಕ್ಕೆ ಹೊಸದನ್ನು ತರುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಆದೇಶ ಎನ್ನುತ್ತೇವೆ. ಯಾವುದರ ಜಾಗಕ್ಕೆ ಬಂತೋ ಅದು ಸ್ಥಾನಿ. ಆದೇಶವು ಸ್ಥಾನಿಯ ಹಾಗೆಯೇ ನಡೆದುಕೊಳ್ಳಬೇಕು, ಸ್ಥಾನಿಗೆ ಇದ್ದ ಅಧಿಕಾರಗಳೆಲ್ಲ ಅದಕ್ಕೂ ಬರಬೇಕು, ಎಂಬುದು ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದ ಮೊದಲ ಪಾದದ 56ನೆಯ ಸೂತ್ರದ ತಾತ್ಪರ್ಯ. ಪಿಲ್ ಪ್ಯಾಕೇಜಿನ ಕತೆ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಕೊನೆಯ ಬಿಡುಗಡೆ 1.1.7, ಬಂದದ್ದು 2009ರಲ್ಲಿ. 3ಕ್ಕೆ ಅದು ದಾಟಲೇ ಇಲ್ಲ. 2010ರಲ್ಲಿ ಅಲೆಕ್ಸ್ ಕ್ಲಾರ್ಕ್ ಅದರಿಂದ ಕವಲೊಡೆದು ‘ಪಿಲ್ಲೋ’ ಎಂಬ ಹೆಸರಿನಲ್ಲಿ ಮುಂದುವರಿಸಿದರು, 2013ರ 2.0 ಬಿಡುಗಡೆಯಲ್ಲಿ ಪೈಥಾನ್ 3 ಸೇರಿತು. ಪ್ಯಾಕೇಜಿನ ಹೆಸರು ಪಿಲ್ಲೋ ಆದರೂ ಪ್ರೋಗ್ರಾಮಿನೊಳಗೆ ಅದನ್ನು ಕರೆಯುವುದು ಇವತ್ತಿಗೂ ಪಿಲ್ ಎಂದೇ. ಅಷ್ಟೇ ಅಲ್ಲ, ಎರಡೂ ಒಂದೇ ಪರಿಸರದಲ್ಲಿ ಒಟ್ಟಿಗೆ ಇರಕೂಡದು ಎಂದು ಅದರ ಕೈಪಿಡಿ ಎಚ್ಚರಿಸುತ್ತದೆ. ಆದೇಶ ಬಂದ ಮೇಲೆ ಸ್ಥಾನಿಗೆ ಅಲ್ಲಿ ಜಾಗ ಇಲ್ಲ. ಪಾಣಿನಿಯನ್ನು ಓದಿ ಮಾಡಿದರೋ ಅನ್ನಿಸುವಷ್ಟು ಶುದ್ಧವಾದ ಆದೇಶ. ಬ್ಯೂಟಿಫುಲ್ ಸೂಪ್‌ನವರು ಬೇರೆ ದಾರಿ ಹಿಡಿದರು. 3ನೆಯ ಸೂಪು ಪೈಥಾನ್ 3ರಲ್ಲಿ ಓಡದು. 2012ರಲ್ಲಿ ಬಂದ 4ನೆಯದನ್ನು ‘ಬಿಎಸ್4’ ಎಂದು ಹೊಸ ಹೆಸರಿನಿಂದಲೇ ಕರೆಯಬೇಕು. ಆದರೆ ಒಳಗಿನ ಕ್ರಿಯಾಪದಗಳಲ್ಲಿ ಹಳೆಯ ಹೆಸರಿನಿಂದ ಕರೆದರೂ ಓಗೊಡುವಂತೆ ವರ್ಷಗಟ್ಟಲೆ ಇಟ್ಟುಕೊಂಡರು. ಇದೂ ಸಜ್ಜನಿಕೆಯೇ. ನಮ್ಮ ಪ್ರೋಗ್ರಾಮಿನಲ್ಲಿ ಈ ಎರಡು ಭಾಗಗಳು ಒಂದು ಸಂಜೆಯಲ್ಲಿ ಸರಿಹೋದವು. ಹೆಚ್ಚು ಹೇಳಬೇಕಾದ್ದಿಲ್ಲ.

ಆದರೆ ಆ ಸೂತ್ರಕ್ಕೆ ಪಾಣಿನಿ ಒಂದು ಅಪವಾದವನ್ನೂ ಅಲ್ಲೇ ಹೇಳಿದ್ದಾನೆ. ವರ್ಣವನ್ನು ಆಶ್ರಯಿಸಿದ ವಿಧಿಗಳಲ್ಲಿ ಆದೇಶವನ್ನು ಸ್ಥಾನಿಯಂತೆ ಎಣಿಸಕೂಡದು. ಚಿತ್ರ ಕತ್ತರಿಸುವುದರಲ್ಲಿ, ಪುಟ ಓದುವುದರಲ್ಲಿ ಹಳೆಯದಕ್ಕೆ ಹೊಸದು ಸಲ್ಲುತ್ತದೆ. ಅಕ್ಷರದ ವಿಚಾರ ಬಂದಲ್ಲಿ ಸಲ್ಲುವುದಿಲ್ಲ. ಉಪಭಾಷೆಯ ಕೆಲಸವೆಲ್ಲ ಅಕ್ಷರದ ವಿಚಾರವೇ.

ಮೊದಲನೆಯದು ಅಕಾರಾದಿ. ಯೂನಿಕೋಡ್ ಪಟ್ಟಿಯಲ್ಲಿ ಳಕಾರ ಲಕಾರದ ಬಳಿ, ವಕಾರಕ್ಕಿಂತ ಮೊದಲು ಕೂತಿದೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ. ಹಾಗಾಗಿ ಬರೀ ಸಂಕೇತದ ಅನುಕ್ರಮದಲ್ಲಿ ಜೋಡಿಸಿದರೆ ‘ಹವ್ಯಕ’ದ ಮೊದಲೇ ‘ಹಳೆ’ ಬರುತ್ತದೆ. ನನ್ನ ವಿದ್ಯಾರ್ಥಿ ಇದನ್ನು ತಿಳಿದು, ಎರಡು ಪದಗಳಲ್ಲಿ ಯಾವುದು ಮೊದಲು ಎಂದು ತೀರ್ಮಾನಿಸುವ ತನ್ನದೇ ವಿಧಿಯೊಂದನ್ನು ಬರೆದು, ಪೈಥಾನ್ 2ರ ಜೋಡಣೆಯ ಕ್ರಿಯೆಗೆ ‘ಸಿಎಂಪಿ’ ಎಂಬ ದ್ವಾರದಿಂದ ಒಳಬಿಟ್ಟಿದ್ದ. 3.0ದಲ್ಲಿ ಆ ದ್ವಾರವನ್ನೇ ಮುಚ್ಚಿದರು. ಟು-ಟು-ತ್ರೀ ಇದನ್ನು ಮುಟ್ಟುವುದಿಲ್ಲ. ಅವಸರದವನು ಏನು ಮಾಡುತ್ತಾನೆ? ತಕರಾರು ಮಾಡುವ ಆ ತುಂಡನ್ನು ಅಳಿಸುತ್ತಾನೆ. ಪ್ರೋಗ್ರಾಮು ಓಡುತ್ತದೆ! ತಕರಾರಿಲ್ಲ, ದೂರಿಲ್ಲ, ಪಟ್ಟಿ ಮಾತ್ರ ಅಡಿಮೇಲು. ಸರಿಯಾದ ಮದ್ದು ಇದೆ: ಹಳೆಯ ವಿಧಿಯನ್ನು ಹೊಸ ರೀತಿಗೆ ಹೊಂದಿಸುವ ‘ಸಿಎಂಪಿ-ಟು-ಕೀ’ ಎಂಬ ಹೊದಿಕೆ 2.7ರಲ್ಲೂ ಇದೆ, 3.2ರಿಂದೀಚೆಗೂ ಇದೆ. ಹುಡುಕುವ ತಾಳ್ಮೆ ಬೇಕು ಅಷ್ಟೆ.

ಎರಡನೆಯದು ಪದಚ್ಛೇದ. ಪೈಥಾನಿನ ಮಾದರಿ ಹುಡುಕುವ ಅಂತರ್ಗತ ಪ್ಯಾಕೇಜಿನಲ್ಲಿ ‘ಪದದ ಅಕ್ಷರ’ ಎಂಬುದಕ್ಕೆ ಒಂದು ಸಂಜ್ಞೆ ಇದೆ. ಆ ಸಂಜ್ಞೆಯಲ್ಲಿ ಕನ್ನಡದ ಗುಣಿತ ಚಿಹ್ನೆಗಳೂ ಹಲಂತವೂ ಸೇರುವುದಿಲ್ಲ. ‘ಕನ್ನಡ’ ಎಂದು ಕೊಟ್ಟು ಪದಗಳನ್ನು ಬಿಡಿಸು ಅಂದರೆ ‘ಕನ’, ‘ನಡ’ ಎಂದು ಎರಡು ಪದ ಕೊಡುತ್ತದೆ. ಇದು 3ಕ್ಕೆ ಬಂದ ಮೇಲೂ ಸರಿಯಾಗಿಲ್ಲ. ‘ರೆಜೆಕ್ಸ್’ ಎಂಬ ಬೇರೆಯವರ ಪ್ಯಾಕೇಜು ತಂದರೆ ಸರಿಹೋಗುತ್ತದೆ. ಹೊಸ ಆವೃತ್ತಿಗೆ ದಾಟಿದೆವು, ಇನ್ನು ಕನ್ನಡ ಕ್ಷೇಮ ಅಂತ ತಿಳಿದು ಕೂತವರಿಗೆ ಇದೊಂದು ಮಾತು ಹೇಳಬೇಕು.

ಮೂರನೆಯದೇ ಮುಖ್ಯ, ಈ ಪ್ರಬಂಧ ಬರೆಯಲು ನಿಜವಾದ ಕಾರಣವೂ ಅದೇ. ಹಳಗನ್ನಡದ ‘ಅವಂ’, ‘ಬಂದಂ’ ಎಂಬಲ್ಲಿಯ ಬಿಂದು ಹೊಸಗನ್ನಡದಲ್ಲಿ ಬಿದ್ದುಹೋಯಿತು. ನಮ್ಮ ಕಡೆಯ ಹವ್ಯಕದಲ್ಲಿ ಅದು ಮೂಗಿನಲ್ಲಿ ಇನ್ನೂ ಉಳಿದಿದೆ. ಪೂರ್ಣ ಮಕಾರ ಅಲ್ಲ, ಅನುನಾಸಿಕದ ಒಂದು ಎಳೆ. ಇದನ್ನು ಬರೆಯಲು ಕನ್ನಡ ಲಿಪಿಯಲ್ಲಿ ಚಿಹ್ನೆ ಸಿಗದೆ, ಕಂಪ್ಯೂಟರಿನಲ್ಲಿ ನಮ್ಮವರು ಶಾಖದ ಅಳತೆಗೆ ಹಾಕುವ ಸಣ್ಣ ಸೊನ್ನೆಯನ್ನು ಎರವಲು ತಂದರು: ಅವ°, ಬಂದ°. ಇದು ಅಲಂಕಾರಕ್ಕೆ ಅಲ್ಲ. ‘ಬಂದ°’ ಅಂದರೆ ಅವನು ಬಂದನು. ‘ಬಂದ’ ಅಂದರೆ ಕೃದಂತ, ಬಂದ ನೆಂಟರು, ಬಂದ ಕೆಲಸ ಎನ್ನುವಲ್ಲಿಯದು. ಸೊನ್ನೆ ಹೋದರೆ ವಾಕ್ಯವೇ ಮುಗಿಯದೆ ನಾಮಪದಕ್ಕಾಗಿ ಕಾಯುತ್ತ ನಿಲ್ಲುತ್ತದೆ.

ನಮ್ಮ ಕಡತವನ್ನು 3ಕ್ಕೆ ಹೊಂದಿಸಿಕೊಡುತ್ತೇವೆಂದು ಒಂದು ಕಡೆಯವರು ಮುಂದೆ ಬಂದರು. ಹೆಸರು ಬೇಡ. ಕೆಲವೇ ದಿನಗಳಲ್ಲಿ ‘ಶುದ್ಧೀಕರಿಸಿದ’ ಕಡತ ವಾಪಸು ಬಂತು. ಓಡುತ್ತಿತ್ತು, ನೋಡಲು ಅಚ್ಚುಕಟ್ಟು. ತೆರೆದು ನೋಡಿದರೆ ಸೊನ್ನೆಗಳೊಂದೂ ಇಲ್ಲ. ಅವರು ಮಾಡಿದ್ದು ಬಹಳ ಜನ ಮಾಡುವಂಥದೇ: ಯೂನಿಕೋಡಿನ ಕನ್ನಡ ವಿಭಾಗದ ಹೊರಗಿನ ಚಿಹ್ನೆಗಳನ್ನೆಲ್ಲ ಕಸ ಎಂದು ಗುಡಿಸುವ ಒಂದು ಸಾಲನ್ನು ಸೇರಿಸಿದ್ದರು. ಸೊನ್ನೆಯೊಂದಿಗೆ ಮಲಯಾಳದಲ್ಲಿ ಬರೆದಿದ್ದ ಸಮಾನ ಪದಗಳೂ ಹೋದವು. ಅಕ್ಷರಗಳನ್ನು ಕೂಡಿಸುವ, ಬೇರ್ಪಡಿಸುವ, ಕಣ್ಣಿಗೆ ಕಾಣದ ಚಿಹ್ನೆಗಳೂ ಹೋದವು. ಇದು ನಮ್ಮೊಬ್ಬರ ಪಾಡಲ್ಲ. ಅಕ್ಕಲಕೋಟೆ, ಜತ್ತದ ಸಂಗ್ರಹಗಳಲ್ಲಿ ನಾಗರಿ ಇರುತ್ತದೆ, ತಾಳವಾಡಿಯದರಲ್ಲಿ ತಮಿಳು, ರಾಯದುರ್ಗದ್ದರಲ್ಲಿ ತೆಲುಗು. ಬಡಗ ನುಡಿಯ ಸ್ವರಗಳನ್ನು ಎಮೆನೊ 1939ರಲ್ಲೇ ವಿವರಿಸಿದ್ದರು. ನಾಲಗೆ ಮಡಿಚಿ ಆಡುವ ಆ ಸ್ವರಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲ, ಎರವಲು ಚಿಹ್ನೆಯೇ ಗತಿ. ಗಡಿಯ ಕಡತ ಅಂದರೆ ಎರವಲಿನ ಕಡತ. ಅದನ್ನು ‘ಕನ್ನಡ ಮಾತ್ರ’ ಎಂಬ ಜರಡಿಯಲ್ಲಿ ಹಿಡಿದರೆ ಗಡಿತನವೇ ಕೆಳಗೆ ಬೀಳುತ್ತದೆ. ಪೈಥಾನ್ 2 ನಮ್ಮನ್ನು ಬೈದು ನಿಲ್ಲಿಸುತ್ತಿತ್ತು, ನಿಜ; ಈ ಜರಡಿ ಬೈಯುವುದೂ ಇಲ್ಲ. ಬೈಯುವ ಯಂತ್ರವೇ ವಾಸಿ.

ಇಲ್ಲಿ ಹಳೆಯ ಪ್ಯಾಕೇಜಿನ ಇನ್ನೊಂದು ಅಪಾಯವಿದೆ. 2022ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 15.0ರಲ್ಲಿ ಕನ್ನಡ ವಿಭಾಗಕ್ಕೆ ಒಂದು ಚಿಹ್ನೆ ಸೇರಿತು, 0ಸಿಎಫ್3 ಎಂಬ ಸ್ಥಾನದಲ್ಲಿ. ಅಕ್ಷರದ ಬಲಗಡೆ ಮೇಲೆ ಕೂರುವ ಅನುಸ್ವಾರ ಇದು; ಕೊಂಕಣಿ, ಅವಧಿ ಮತ್ತು ಹವ್ಯಕ ಕನ್ನಡದ ಅನುನಾಸಿಕಕ್ಕೆಂದೇ ಕೊಟ್ಟದ್ದು. ನಮ್ಮ ಮೂಗಿನ ಎಳೆಗೆ ಲಿಪಿಯಲ್ಲಿ ಪೀಠ ಸಿಕ್ಕಿತು. ಆದರೆ ಪೈಥಾನ್ 2.7ರೊಳಗಿನ ಅಕ್ಷರಕೋಷ ಯೂನಿಕೋಡ್ 5.2ರದ್ದು. 3.11ರದ್ದು 14.0ದ್ದು. 3.12ರಲ್ಲಿ, ಅಂದರೆ 2023ರ ಅಕ್ಟೋಬರಿನಲ್ಲಿ, 15.0 ಬಂತು. ಅದಕ್ಕಿಂತ ಹಿಂದಿನ ಕೋಷವನ್ನು ನಂಬಿದ ಪ್ಯಾಕೇಜಿಗೆ ಈ ಚಿಹ್ನೆ ಅನಾಮಿಕ. ಅನಾಮಿಕವನ್ನು ಅಳಿಸು ಎಂಬ ನಿಯಮ ಇದ್ದರೆ ಪೀಠ ಸಿಕ್ಕಿಯೂ ದಕ್ಕದು. ೞಕಾರದ್ದು ಇನ್ನೊಂದು ತಮಾಷೆ. ಕೇಶಿರಾಜ 13ನೆಯ ಶತಮಾನದಲ್ಲೇ ಈ ಅಕ್ಷರದ ಶಬ್ದಗಳನ್ನು ಪಟ್ಟಿ ಮಾಡಿಟ್ಟ. ಯೂನಿಕೋಡಿನವರು ಅದಕ್ಕೆ ಇಟ್ಟ ಹೆಸರು ‘ಫ’! ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದು ಎಂಬುದು ಅವರ ವ್ರತ. ಹಾಗಾಗಿ ತಪ್ಪು ಹೆಸರನ್ನು ಹಾಗೆಯೇ ಇಟ್ಟು, ಸರಿಯಾದದ್ದನ್ನು ಉಪನಾಮವಾಗಿ ಸೇರಿಸಿದರು. ಉಪನಾಮದಿಂದ ಕರೆದರೆ ಪೈಥಾನ್ 3.3ರಿಂದೀಚೆಗೆ ಮಾತ್ರ ತಿಳಿಯುತ್ತದೆ; 2.7ರಲ್ಲಿ ೞಕಾರವನ್ನು ‘ಫ’ ಎಂದೇ ಕರೆಯಬೇಕು. ನಗು ಬರುತ್ತದೆ, ಆದರೆ ಈ ವ್ರತದ ಮೇಲೆ ನನಗೆ ಗೌರವವಿದೆ. ಹಳೆಯ ಕಡತ ಯಾವುದೂ ಮುರಿಯಬಾರದು ಎಂಬ ಕಾಳಜಿ ಅದರ ಹಿಂದಿದೆ.

ಆ ಕಾಳಜಿ ಪೈಥಾನಿನ ಈಚಿನ ವರ್ಷಗಳಲ್ಲಿ ಕಡಿಮೆಯೇ ಎನ್ನಬೇಕು. ಹಳೆಯ ಪ್ಯಾಕೇಜುಗಳನ್ನು ಕೂರಿಸಲು ಬೇಕಾಗಿದ್ದ ‘ಡಿಸ್ಟ್‌ಯುಟಿಲ್ಸ್’ 3.12ರಲ್ಲಿ ಹೋಯಿತು. 2024ರ ಅಕ್ಟೋಬರಿನ 3.13ರಲ್ಲಿ ಭಾಷೆಯ ಜೊತೆಗೇ ಬರುತ್ತಿದ್ದ 19 ಪ್ಯಾಕೇಜುಗಳನ್ನು ತೆಗೆದರು. ‘ಬ್ಯಾಟರಿ ಸಮೇತ’ ಎಂಬುದು ಪೈಥಾನಿನ ಹಳೆಯ ಹೆಮ್ಮೆಯ ಮಾತು. ಈ ತೀರ್ಮಾನದ ಶೀರ್ಷಿಕೆಯಲ್ಲಿ ಅವು ‘ಸತ್ತ ಬ್ಯಾಟರಿ’ಗಳು. ಮೊದಲೇ ಎಚ್ಚರಿಕೆ ಕೊಟ್ಟಿದ್ದರು, ಅದನ್ನು ಅಲ್ಲಗಳೆಯುವಂತಿಲ್ಲ. ನೋಡಿಕೊಳ್ಳುವವರಿಲ್ಲದ ಪ್ಯಾಕೇಜಿನಿಂದ ಭದ್ರತೆಗೆ ಅಪಾಯ ಎಂಬುದೂ ಸರಿ. ಆದರೆ ‘ಸತ್ತ’ ಎಂಬ ಮಾತು ನನಗೆ ಹಿಡಿಸದು. ಲೋಪ ಎಂದರೆ ಅದರ್ಶನ, ಕಾಣದೆ ಇರುವುದು ಎಂದೇ ಪಾಣಿನಿಯ ವ್ಯಾಖ್ಯೆ. ಪ್ರತ್ಯಯ ಲೋಪವಾದರೂ ಪ್ರತ್ಯಯದ ಕಾರ್ಯ ಉಳಿಯುತ್ತದೆ ಎಂದು ಅವನೇ ಹೇಳಿದ್ದಾನೆ. ಯಾರೂ ಬಳಸುವುದಿಲ್ಲ ಎಂದು ಎಣಿಸಿ ತೆಗೆದದ್ದನ್ನು ಎಲ್ಲೋ ಒಂದು ಹಳ್ಳಿಯ ಪ್ರೋಗ್ರಾಮು ಬಳಸುತ್ತಿರುತ್ತದೆ. ಆ ಎಣಿಕೆಗೆ ಅದು ಸಿಕ್ಕಿರುವುದಿಲ್ಲ. ಅದೇ 3.13ರಲ್ಲಿ ಟು-ಟು-ತ್ರೀ ಎಂಬ ಅನುವಾದ ಯಂತ್ರವೂ ಹೋಯಿತು. ದಾಟಲು ಕಟ್ಟಿದ ಸಂಕವನ್ನೇ ತೆಗೆದ ಹಾಗೆ. ಈಗ ಹೊರಡುವವರು 3.12 ಅಥವಾ ಅದಕ್ಕಿಂತ ಹಿಂದಿನದರಲ್ಲಿ ಅದನ್ನು ನಡೆಸಿಕೊಂಡು ಮುಂದೆ ಹೋಗಬೇಕು.

ನಾವು ಕೊನೆಗೆ ಅನುಸರಿಸಿದ ಕ್ರಮವನ್ನು ಹೇಳುತ್ತೇನೆ. ಬೇರೆ ಸಂಗ್ರಹಕಾರರಿಗೆ ಬೇಕಾದೀತು. ಅಷ್ಟಾಧ್ಯಾಯಿಯ ಕೊನೆಯ ಮೂರು ಪಾದಗಳಲ್ಲಿ ಏನು ನಡೆದರೂ ಅದಕ್ಕೆ ಹಿಂದಿನ ಸೂತ್ರಗಳ ಪಾಲಿಗೆ ಅದು ಅಸಿದ್ಧ, ನಡೆದೇ ಇಲ್ಲದ ಹಾಗೆ. ಹೊರಗಿನ ಯಂತ್ರಕ್ಕೆ ತಿಳಿಯದ ಹಾಗೆ ಒಳಗೊಂದು ಮುಚ್ಚಿದ ಕೋಣೆ ಮಾಡಿ, ಅಲ್ಲಿ 2.7.18ನ್ನೂ ಹಳೆಯ ಪ್ಯಾಕೇಜುಗಳನ್ನೂ ಅದರದರ ಆವೃತ್ತಿಯ ಸಂಖ್ಯೆ ಸಹಿತ ಕೂರಿಸಿದಳು ಮೊಮ್ಮಗಳು. ಆ ಕೋಣೆಗೆ ಅಂತರಜಾಲದ ಸಂಪರ್ಕ ಕೊಡಲಿಲ್ಲ. ಅಲ್ಲಿ ಹಳೆಯ ಪ್ರೋಗ್ರಾಮನ್ನು ಒಮ್ಮೆ ನಡೆಸಿ, ಬಂದ ಪಟ್ಟಿಯನ್ನು ಪ್ರಮಾಣ ಎಂದು ಇಟ್ಟುಕೊಂಡೆವು. ಆಮೇಲೆ ಒಂದೊಂದೇ ಭಾಗವನ್ನು 3ಕ್ಕೆ ತಂದು, ಪ್ರತಿಸಲವೂ ಹೊಸ ಪಟ್ಟಿಯನ್ನು ಪ್ರಮಾಣದೊಡನೆ ಸಾಲು ಸಾಲಾಗಿ ಹೋಲಿಸಿದೆವು. ವ್ಯತ್ಯಾಸವಿರುವ ಸಾಲುಗಳನ್ನು ಮಾತ್ರ ಕಾಗದಕ್ಕೆ ಇಳಿಸಿ ನನ್ನ ಮುಂದೆ ಇಡುತ್ತಿದ್ದಳು. ಯಂತ್ರ ವ್ಯತ್ಯಾಸವನ್ನು ತೋರಿಸುತ್ತದೆ. ಯಾವುದು ಸರಿ ಅಂತ ಹೇಳಲು ಆ ಮಾತನ್ನು ಆಡುವವನು ಬೇಕು.

ಒಂದು ಕಂತೆ ಮಾತ್ರ ಯೂನಿಕೋಡಿನದಲ್ಲ, ಅದಕ್ಕೂ ಹಿಂದಿನ ನುಡಿ ಫಾಂಟಿನಲ್ಲಿ ಬೆರಳಚ್ಚಾದದ್ದು. ಅಲ್ಲಿರುವುದು ಅಕ್ಷರಗಳಲ್ಲ, ಅಕ್ಷರಗಳ ಆಕಾರದ ತುಂಡುಗಳು. ‘ಅರ್ಕ’ ಎನ್ನುವಲ್ಲಿ ಕಣ್ಣಿಗೆ ಕಕಾರ ಮೊದಲು, ಅರ್ಕಾವೊತ್ತು ಆಮೇಲೆ. ಉಚ್ಚಾರದಲ್ಲೂ ಯೂನಿಕೋಡಿನಲ್ಲೂ ರಕಾರ ಮೊದಲು. ಇದನ್ನು ತಿರುವಿ ಕೂರಿಸುವ ಹಳೆಯ ಪರಿವರ್ತಕ 2ರಲ್ಲೇ ಉಳಿದಿತ್ತು. ಅದಕ್ಕೆ ಆದೇಶ ಹುಡುಕದೆ, ತುಂಡುಗಳ ಕೋಷ್ಟಕವನ್ನು ಕೈಯಿಂದ ಬರೆದುಕೊಟ್ಟೆ, ಅವಳು ಅದನ್ನು 3ರಲ್ಲಿ ಹೊಸದಾಗಿ ಬರೆದಳು. ಸಣ್ಣ ಪ್ಯಾಕೇಜಾದರೆ ಇದೇ ವಾಸಿ; ಅನಾಥವಾದದ್ದನ್ನು ಹುಡುಕಿ ಅಲೆಯುವುದಕ್ಕಿಂತ ಮನೆಯಲ್ಲೇ ಮಾಡಿಕೊಳ್ಳುವುದು.

ಉಳಿದದ್ದು ಸೊನ್ನೆಯ ಪ್ರಶ್ನೆ. ಹೊಸ ಚಿಹ್ನೆ ಬಂದಿದೆಯಲ್ಲ, ಕಡತದಲ್ಲೆಲ್ಲ ಅದನ್ನೇ ಹಾಕಿಬಿಡೋಣ ಎಂದಳು ಅವಳು. ನಾನು ಒಪ್ಪಲಿಲ್ಲ. ಬರೆದುಕೊಟ್ಟವರು ಸೊನ್ನೆ ಹಾಕಿ ಬರೆದಿದ್ದಾರೆ. ಮೂಲ ಕಡತದಲ್ಲಿ ಅದು ಹಾಗೆಯೇ ಇರಲಿ. ಯಾವ ಸೊನ್ನೆ ಅನುನಾಸಿಕದ್ದು ಎಂಬ ಪಟ್ಟಿ ಬೇರೆ ಫೈಲಿನಲ್ಲಿದೆ, ಅಡಕೆ ಬೇಯಿಸುವ ವಿವರದಲ್ಲಿ ಒಂದೆರಡು ಕಡೆ ಅದು ನಿಜವಾಗಿ ಶಾಖದ ಸೊನ್ನೆಯೂ ಆಗಿದೆ. ಅಚ್ಚಿಗೆ ಕಳಿಸುವ ಪ್ರತಿಯಲ್ಲಿ ಮಾತ್ರ ಆ ಪಟ್ಟಿಯ ಪ್ರಕಾರ ಹೊಸ ಚಿಹ್ನೆ ಬರುವಂತೆ ಮಾಡಿದ್ದೇವೆ. ಫಾಂಟಿನಲ್ಲಿ ಆ ಚಿಹ್ನೆ ಇಲ್ಲದಿದ್ದರೆ ಅಲ್ಲಿ ಖಾಲಿ ಚೌಕ ಕಾಣುತ್ತದೆ. ಆದ್ದರಿಂದ ಈ ಪ್ರಬಂಧದಲ್ಲಿ ಉದಾಹರಣೆಗಳನ್ನು ಸಣ್ಣ ಸೊನ್ನೆಯಲ್ಲೇ ಕೊಟ್ಟಿದ್ದೇನೆ. ಕರಡು ತಿದ್ದುವವರು ದಯವಿಟ್ಟು ಅದನ್ನು ತೆಗೆಯಬಾರದು.